ನಾಲ್ಕೂವರೆ ಅಕ್ಷರ

ರಾತ್ರಿ ಎರಡೂಕಾಲು. ಲಾನ್ಸೆಸ್ಟನ್ ಆಸ್ಪತ್ರೆ, ನಾಲ್ಕನೇ ಮಹಡಿ.
ಹನ್ನೊಂದನೇ ಮಂಚದ ಮರ್ವಿನ್ ಡಾಬ್ಸನ್
ಪದಬಂಧದ ಪುಸ್ತಕವನ್ನು ಎದೆಯ ಮೇಲೆ ಕವುಚಿ ಕೇಳಿದರು:
"ಸಿಸ್ಟರ್, ನಿದ್ದೆ ಬರಿಸುವಂಥದ್ದು. ಒಂಬತ್ತು ಅಕ್ಷರ."

ಮಾತ್ರೆಯ ಬಟ್ಟಲು ನನ್ನ ಕೈಯಲ್ಲೇ ಇತ್ತು.
ಸೊಪೊರಿಫಿಕ್, ಎಂದೆ.
ಅವರು ಒಂದೊಂದೇ ಮನೆ ತುಂಬಿದರು.
ನಾನು ಮನಸ್ಸಿನಲ್ಲೇ ನನ್ನ ಲಿಪಿಯಲ್ಲಿ ಎಣಿಸಿದೆ:
ಸೊ, ಪೊ, ರಿ, ಫಿ, ಆಮೇಲೆ ಸ್ವರ ಕಳಚಿದ ಕ್.
ನಾಲ್ಕೂವರೆ.

ಮೂವತ್ತು ವರ್ಷ ಗಸಗಸೆ ಬೆಳೆದವರು ಡಾಬ್ಸನ್,
ವೆಸ್ಟ್‌ಬರಿಯ ಆಚೆ, ಬೇಲಿಗೆ ಎಚ್ಚರಿಕೆಯ ಹಲಗೆ ಹೊಡೆದು.
ಡಿಸೆಂಬರಿನಲ್ಲಿ ಗುಡ್ಡದ ಬುಡದ ತನಕ ನಸುನೇರಳೆ ಬಿಳುಪು.
ಬೇಲಿ ನುಸುಳಿದ ವಾಲಬಿಗಳು ಕಾಯಿ ಕಡಿದು
ಸುತ್ತಿದಲ್ಲೇ ಸುತ್ತಿ, ಪೈರು ತುಳಿದು, ಒರಗುತ್ತಿದ್ದವಂತೆ.
ಉಳಿದ ಕಾಯಿ ಕಾರ್ಖಾನೆಗೆ.
ಕಾಣದ ಊರುಗಳ ನೋವನ್ನೆಲ್ಲ ಮಲಗಿಸಿದ ಮನುಷ್ಯನಿಗೆ
ಈಗ ಹನ್ನೆರಡು ದಿನದಿಂದ ರೆಪ್ಪೆ ಕೂಡಿಲ್ಲ.

ಯಾರೋ ದಾನ ಕೊಟ್ಟ ದಪ್ಪ ನಿಘಂಟು ತಂದೆ.
ಸೊಪೊರ್ ಎಂದರೆ ಲ್ಯಾಟಿನ್ನಿನಲ್ಲಿ ಗಾಢ ನಿದ್ದೆ,
ಬಾಲಕ್ಕೆ ಅಂಟಿದ್ದು 'ಮಾಡು' ಎಂಬ ಧಾತು.
ಕೆಳಗೆ, ಇರುವೆ ಸಾಲಿನಲ್ಲಿ: ಹೋಲಿಸಿ, ಸಂಸ್ಕೃತದ ಸ್ವಪ್ನ.
ನಗು ಬಂತು. ಏಳನೇ ತರಗತಿಯಲ್ಲಿ
ನಮ್ಮ ಬೆಂಚಿನಲ್ಲೇ ಇಬ್ಬರು ಸ್ವಪ್ನಾಗಳಿದ್ದರು,
ಸಮಾಜದ ಪಾಠದಲ್ಲೂ ಯಾರನ್ನೂ ನಿದ್ದೆಗೆ ಬಿಟ್ಟವರಲ್ಲ.

"ನಿಮ್ಮಲ್ಲಿ ಏನನ್ನುತ್ತೀರಿ?"
ನಿದ್ರಾಜನಕ, ಎಂದವಳಿಗೆ ನಾಚಿಕೆಯಾಯಿತು.
ಇಸ್ತ್ರಿ ಹಾಕಿದ ಪದ ಅದು,
ಅದನ್ನು ತೊಟ್ಟು ಯಾರೂ ಮಲಗುವುದಿಲ್ಲ.
ಮಲಗಲು ಒಗೆದೊಗೆದು ಮೆತ್ತಗಾದವು ಬೇರೆ ಇವೆ:
ಜೋಂಪು, ತೂಕಡಿಕೆ, ಮಂಪರು.
ಮಂಪರು ಅನ್ನುವಾಗ ನಡುವೆ ತುಟಿ ಮುಚ್ಚುತ್ತದೆ,
ಮತ್ತೆ ತೆರೆಯಲು ಅದಕ್ಕೆ ಮನಸ್ಸೇ ಇರುವುದಿಲ್ಲ.

ಇನ್ನೂ ಒಂದಿದೆ. ಪದವಲ್ಲ, ಪದಾರ್ಥ.
ತಿಪಟೂರು ಡಿಪೋದ ಟೈಮ್‌ಕೀಪರ್ ಪುಟ್ಟನಂಜಪ್ಪ ದೊಡ್ಡಪ್ಪ,
ಎರಡು ನಿಮಿಷ ತಡವಾದ ಬಸ್ಸಿಗೂ ಕೆಂಪು ಗೀಟು ಎಳೆಯುವವರು,
ನಾಮಕರಣದ ಊಟದಲ್ಲಿ ಎರಡು ಲೋಟ ಗಸಗಸೆ ಪಾಯಸ ಕುಡಿದು
ಕೈ ತೊಳೆಯುವ ಮೊದಲೇ ಗೋಡೆಗೆ ವಾಲಿದರು.
ವಾಚು ಕಟ್ಟಿದ ಕೈ ಹೊಟ್ಟೆಯ ಮೇಲೆ ಏರುತ್ತ, ಇಳಿಯುತ್ತ.
ಅವತ್ತು ಸಂಜೆವರೆಗೆ ತಿಪಟೂರಿನ ಬಸ್ಸುಗಳು
ತಮಗೆ ತೋಚಿದಾಗ ಬಂದಿರಬೇಕು.

"ಬೀಜವೇ?" ಡಾಬ್ಸನ್ ಎದ್ದು ಕೂತರು.
"ಬೀಜದಲ್ಲಿ ಎಂಥದ್ದೂ ಇಲ್ಲ, ಸಿಸ್ಟರ್.
ಬನ್ನಿನ ಮೇಲೆ ಉದುರಿಸಲು ಮಾರುತ್ತಿದ್ದೆವು.
ಇರುವುದೆಲ್ಲ ಕಾಯಿಯ ಸಿಪ್ಪೆಯಲ್ಲಿ."

ಹಾಗಾದರೆ ದೊಡ್ಡಪ್ಪನನ್ನು ಕೆಡವಿದ್ದು ಏನು?
ತೆಂಗಿನ ಹಾಲೋ, ಬೆಲ್ಲವೋ,
ಆ ಒಂದು ದಿನದ ರಜೆಯೋ.

ಲ್ಯಾಟಿನ್ ನಿದ್ದೆಯನ್ನು ಮಾಡುತ್ತದೆ.
ನಾವೂ ಮಾಡುತ್ತೇವೆ, ಇಲ್ಲವೆನ್ನಲಾರೆ,
ಆದರೆ ಬಹಳ ಸಲ ಅದಾಗಿ ಬರುತ್ತದೆ,
ಹಸಿ ಸೌದೆಗೆ ಕೊನೆಗೂ ಬೆಂಕಿ ಹತ್ತಿದಂತೆ ಹತ್ತುತ್ತದೆ,
ಮುಚ್ಚಿಡದ ಹಾಲಿನಂತೆ ಕೆಡುತ್ತದೆ.
ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಹೊರಟು
ಹತ್ತು ಎಂಬಲ್ಲೇ ಸಿಕ್ಕಿಕೊಂಡೆ.
ಅವರು ಹೇಳತೊಡಗಿದರು,
ಬಿತ್ತನೆ, ಹದ, ಒಣಗಿದ ಕಾಯಿ ಅಲ್ಲಾಡಿಸಿದರೆ
ಒಳಗೆ ಗಸ, ಗಸ,
ಗಸ

ಕಣ್ಣು ಬಿಟ್ಟಾಗ ಕುರ್ಚಿಯಲ್ಲಿದ್ದೆ.
ಭುಜದ ಮೇಲೆ ಹನ್ನೊಂದನೇ ಮಂಚದ ಹೊದಿಕೆ.
"ಎರಡೇ ನಿಮಿಷ," ಎಂದರು ಡಾಬ್ಸನ್,
ಬಾಗಿಲ ಕಡೆ ಒಂದು ಕಣ್ಣಿಟ್ಟು.
"ಯಾರೂ ಗಂಟೆ ಒತ್ತಲಿಲ್ಲ. ನಾನು ನೋಡಿಕೊಂಡಿದ್ದೆ."
ಮಾತ್ರೆ ಬಟ್ಟಲಿನಲ್ಲಿ ಹಾಗೇ ಇತ್ತು.
ಪದಬಂಧದ ಅಂಚಿನಲ್ಲಿ ಪೆನ್ಸಿಲಿನ ಬರಹ:
ಬೀಜ, ಬೆಲ್ಲ, ತೆಂಗಿನ ಹಾಲು.
ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು. ಎಷ್ಟು ಲೋಟ?